ಊರೇ ಕಟ್ಟಿಕೊಂಡ ಆರೋಗ್ಯ

'ಆರೋಗ್ಯವೇ ಭಾಗ್ಯ' ಎಂಬ ಮಾತು ಕನ್ನಡ ನಾಡಿನ ಮನೆಮನೆಯಲ್ಲಿಯೂ ಬಳಕೆಯಲ್ಲಿದೆ. ಈ ಭಾಗ್ಯವು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಒದಗುವಂಥದೇ, ಅಥವಾ ಊರಿಗೆಲ್ಲ ಒಟ್ಟಾಗಿ ಒದಗಬೇಕಾದುದೇ ಎಂಬುದು ವಿಚಾರಮಾಡತಕ್ಕ ಪ್ರಶ್ನೆಯಾಗಿದೆ. ಒಂದು ಮನೆಯವರು ಎಷ್ಟೇ ಶುಚಿಯಾಗಿದ್ದರೂ ಊರ ಬಾವಿಯ ನೀರು ಕೆಟ್ಟಿದ್ದರೆ ಆ ಮನೆಯ ಮಗುವಿಗೂ ವಾಂತಿಭೇದಿ ತಪ್ಪುವುದಿಲ್ಲ. ಒಬ್ಬ ಕೂಲಿಕಾರ ಹೆಣ್ಣುಮಗಳು ಎಷ್ಟೇ ಎಚ್ಚರಿಕೆಯಿಂದ ಇದ್ದರೂ ಅವಳು ದುಡಿಯುವ ಸ್ಥಳದಲ್ಲಿ ದೂಳು ತುಂಬಿದ್ದರೆ ಆ ದೂಳು ಅವಳ ಎದೆಯನ್ನು ಸೇರಿಯೇ ಸೇರುತ್ತದೆ. ರೋಗ ಬಂದ ಮೇಲೆ ವೈದ್ಯನು ಔಷಧವನ್ನು ಕೊಡಬಲ್ಲನು. ರೋಗ ಬಾರದಂತಹ ಬಾಳನ್ನು ಕಟ್ಟಿಕೊಳ್ಳುವ ಕೆಲಸ ಮಾತ್ರ ಜನಸಮುದಾಯದ್ದೇ ಆಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ೧೯೪೮ರಲ್ಲಿ ಕಾರ್ಯಾರಂಭ ಮಾಡಿದಾಗ, ಆರೋಗ್ಯವೆಂದರೆ ಕೇವಲ ರೋಗವಿಲ್ಲದಿರುವ ಸ್ಥಿತಿಯಲ್ಲ, ದೇಹ, ಮನಸ್ಸು ಮತ್ತು ಸಾಮಾಜಿಕ ಜೀವನ ಈ ಮೂರೂ ನೆಮ್ಮದಿಯಿಂದಿರುವ ಸ್ಥಿತಿ ಎಂದು ಅದರ ಸಂವಿಧಾನವು ಸಾರಿತು. ೧೯೭೮ರ ಸೆಪ್ಟೆಂಬರ್ ತಿಂಗಳಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಆಲ್ಮ ಆಟ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಮ್ಮ ಆರೋಗ್ಯದ ಯೋಜನೆಯನ್ನು ರೂಪಿಸುವುದರಲ್ಲಿಯೂ ನಡೆಸುವುದರಲ್ಲಿಯೂ ಭಾಗವಹಿಸುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಅದು ಘೋಷಿಸಿತು. ಇಂತಹ ಘೋಷಣೆಗಳು ಕಾಗದದ ಮೇಲೆ ಉಳಿಯದೆ ಕಾರ್ಯರೂಪಕ್ಕೆ ಬರುವುದು ಹೇಗೆಂಬುದನ್ನು ತಿಳಿಯಲು ದೂರ ಹೋಗಬೇಕಾದುದಿಲ್ಲ. ಕರ್ನಾಟಕದ ವಾಯವ್ಯದ ಅಂಚಿನಲ್ಲಿರುವ ಬೆಳಗಾವಿ ಜಿಲ್ಲೆಯಲ್ಲಿಯೇ ಅದಕ್ಕೆ ನಿದರ್ಶನಗಳು ದೊರೆಯುತ್ತವೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಇವು ಈ ಜಿಲ್ಲೆಯ ಉತ್ತರ ಭಾಗದ ತಾಲ್ಲೂಕುಗಳು. ಇವುಗಳಲ್ಲಿ ನಿಪ್ಪಾಣಿಯು ಚಿಕ್ಕೋಡಿಯಿಂದಲೂ ಕಾಗವಾಡವು ಅಥಣಿಯಿಂದಲೂ ಬೇರ್ಪಟ್ಟು ೨೦೧೮ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಕೃಷ್ಣಾ ನದಿಯೂ ಅದರ ಉಪನದಿಗಳಾದ ದೂಧಗಂಗಾ, ವೇದಗಂಗಾ ನದಿಗಳೂ ಈ ಸೀಮೆಯ ಜೀವನಾಡಿಗಳು. ನದಿಯ ದಂಡೆಯ ಕರಿಯ ಮಣ್ಣಿನಲ್ಲಿ ಕಬ್ಬು ತೊನೆದಾಡುತ್ತದೆ. ನಿಪ್ಪಾಣಿಯ ಸುತ್ತಮುತ್ತ ಬೀಡಿಯ ತಂಬಾಕು ಬೆಳೆಯುತ್ತದೆ. ಅಥಣಿಯ ಪೂರ್ವದ ಹಳ್ಳಿಗಳಾದರೋ ಮಳೆಯ ಕೊರತೆಯನ್ನು ಅನುಭವಿಸುತ್ತವೆ. ಕನ್ನಡ ಮರಾಠಿಗಳೆರಡನ್ನೂ ಸರಾಗವಾಗಿ ಆಡುವ ಇಲ್ಲಿಯ ಜನರಿಗೆ ಗಡಿಯ ಆಚೆಗಿನ ಊರುಗಳೂ ನೆರೆಯೂರುಗಳೇ. ಕಾಗವಾಡಕ್ಕೆ ಸಮೀಪದಲ್ಲಿರುವ ಮೀರಜಿನಲ್ಲಿ ಡಾ. ವಿಲಿಯಂ ವಾನ್‌ಲೆಸ್ ಅವರು ೧೮೯೪ರಲ್ಲಿ ಸ್ಥಾಪಿಸಿದ ಆಸ್ಪತ್ರೆಯು ಆ ಭಾಗದಲ್ಲೆಲ್ಲ ಹೆಸರಾಯಿತು. ಆದರೂ ಎಷ್ಟೇ ದೊಡ್ಡ ಆಸ್ಪತ್ರೆಯಾಗಲಿ, ಅದು ತನ್ನ ಬಾಗಿಲಿಗೆ ಬಂದವರನ್ನು ಮಾತ್ರ ಕಾಪಾಡಬಲ್ಲದು. ಬಾಗಿಲನ್ನು ಮುಟ್ಟುವ ಮೊದಲೇ ಪ್ರಾಣ ಹೋಗುವ ಸಂದರ್ಭಗಳು ಎಷ್ಟೋ ಇವೆ.

ನೀರಿನ ವಿಷಯವನ್ನೇ ಮೊದಲು ನೋಡಬಹುದು. ೨೦೦೫ರಲ್ಲಿ ಒಮ್ಮೆ, ೨೦೧೯ರ ಆಗಸ್ಟ್ ತಿಂಗಳಲ್ಲಿ ಮತ್ತೊಮ್ಮೆ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಹರಿದು ಈ ಸೀಮೆಯ ನದಿದಂಡೆಯ ಹಳ್ಳಿಗಳನ್ನು ಮುಳುಗಿಸಿದವು. ಮಹಾಪೂರವು ಇಳಿದ ಮೇಲೆ ಎರಡನೆಯ ಆಪತ್ತು ತಲೆಯೆತ್ತುತ್ತದೆ. ಸತ್ತ ಪ್ರಾಣಿಗಳ, ತಿಪ್ಪೆಗಳ ಮತ್ತು ಶೌಚಗುಂಡಿಗಳ ಹೊಲಸು ನೀರು ಬಾವಿಗಳಿಗೆ ಇಳಿದಿರುತ್ತದೆ. ಆ ನೀರನ್ನು ಕುಡಿದವರಿಗೆ ವಾಂತಿಭೇದಿ, ಕಾಮಾಲೆ, ವಿಷಮಶೀತಜ್ವರಗಳು ತಗುಲುತ್ತವೆ. ಇದನ್ನು ತಡೆಯುವ ಉಪಾಯವು ಕಷ್ಟದ್ದೇನೂ ಅಲ್ಲ. ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಮತ್ತಷ್ಟು ನೀರು ಬೆರಸಿ, ಸುಣ್ಣದಂತಹ ಗಸಿಯು ತಳಕ್ಕೆ ಇಳಿಯುವವರೆಗೆ ಬಿಡಬೇಕು. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಿಂದ ಬಾವಿಗೆ ಇಳಿಬಿಟ್ಟು ನೀರನ್ನು ಚೆನ್ನಾಗಿ ಕದಡಬೇಕು. ಆ ಬಳಿಕ ಒಂದು ಗಂಟೆಯಾದರೂ ಯಾರೂ ನೀರು ಸೇದಬಾರದು. ನೀರು ಬಗ್ಗಡವಾಗಿದ್ದಷ್ಟೂ ಪುಡಿಯು ಹೆಚ್ಚು ಬೇಕಾಗುತ್ತದೆ. ಬಾವಿಯ ಅಗಲ ಆಳಗಳನ್ನು ಅಳೆದು ನೀರೆಷ್ಟೆಂದು ಲೆಕ್ಕಹಾಕಲು ಪ್ರೌಢಶಾಲೆಯ ಗಣಿತವೇ ಸಾಕು. ಅಳೆಯುವವರು, ಕಲಸುವವರು, ಆ ಒಂದು ಗಂಟೆಯ ಕಾಲ ಬಾವಿಯ ಕಟ್ಟೆಯ ಬಳಿ ನಿಂತು ಕಾಯುವವರು ಊರಿನಲ್ಲಿಯೇ ಇರಬೇಕು. ಪುಡಿಯ ಚೀಲವನ್ನು ಸರ್ಕಾರವು ಕಳುಹಿಸಬಹುದು. ಬಾವಿಯನ್ನು ಕಾಯುವ ಕೆಲಸ ಊರಿನವರದೇ.

ರೋಗ ತಗುಲಿದ ಮೇಲೂ ಮನೆಯವರ ಕೈಗೆ ಸಿಕ್ಕ ತಿಳಿವಳಿಕೆಯು ಎಷ್ಟು ಜೀವಗಳನ್ನು ಉಳಿಸಬಲ್ಲದೆಂಬುದಕ್ಕೆ ೧೯೭೧ರ ಒಂದು ಘಟನೆಯು ಸಾಕ್ಷಿಯಾಗಿದೆ. ಬಾಂಗ್ಲಾ ವಿಮೋಚನೆಯ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರಾವಣವು ತೀರುತ್ತ ಬಂದಿತು. ಆಗ ಡಾ. ದಿಲೀಪ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾಗಳನ್ನು ನೀರಿನಲ್ಲಿ ಕದಡಿಸಿ, ರೋಗಿಗಳ ತಾಯಂದಿರಿಗೂ ಬಂಧುಗಳಿಗೂ ಕೊಟ್ಟು ಲೋಟದಿಂದ ಕುಡಿಸುವಂತೆ ಹೇಳಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತಲೂ ಕೆಳಗೆ ಇಳಿಯಿತು. ಕರುಳಿನಲ್ಲಿ ಸಕ್ಕರೆಯು ಉಪ್ಪನ್ನು ತನ್ನೊಡನೆ ಒಳಕ್ಕೆ ಕರೆದೊಯ್ಯುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. ಇದೇ ಅದರ ಗುಟ್ಟು. ಪೊಟ್ಟಣವು ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರಸಿ ಮನೆಯಲ್ಲಿಯೇ ಈ ಪಾನಕವನ್ನು ಸಿದ್ಧಮಾಡಬಹುದು. ವೈದ್ಯನ ಕೈಯಲ್ಲಿದ್ದ ಚಿಕಿತ್ಸೆಯು ತಾಯಿಯ ಕೈಗೆ ಬಂದುದೇ ಇಲ್ಲಿ ಆದ ದೊಡ್ಡ ಬದಲಾವಣೆ.

ಚಿಕಿತ್ಸೆಯನ್ನು ಅತ್ಯಂತ ಹತ್ತಿರದ ಕೈಗೆ ಒಪ್ಪಿಸುವ ಇದೇ ಮಾರ್ಗವನ್ನು ಬೆಳಗಾವಿ ಜಿಲ್ಲೆಯು ಹೆರಿಗೆಯ ವಿಷಯದಲ್ಲಿ ಜಗತ್ತಿಗೆ ತೋರಿಸಿಕೊಟ್ಟಿತು. ಮಗು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶವು ಬಿಗಿಯಾಗಿ ಸಂಕುಚಿಸಬೇಕು. ಸಂಕುಚಿಸದಿದ್ದರೆ ರಕ್ತವು ನಿಲ್ಲದೆ ಹರಿಯುತ್ತದೆ. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅಪಾಯದ ರಕ್ತಸ್ರಾವವೆಂದು ಎಣಿಸುತ್ತಾರೆ. ಮೊದಲೇ ರಕ್ತಹೀನತೆಯಿರುವ ಬಾಣಂತಿಗೆ ಅಷ್ಟೂ ಬೇಕಿಲ್ಲ. ಎರಡು ಮೂರು ಗಂಟೆಗಳ ಒಳಗೆ ಅವಳ ಪ್ರಾಣ ಹೋಗಬಹುದು. ೨೦೦೧ರಿಂದ ೨೦೦೩ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೨೨೮ ತಾಯಂದಿರು ಸಾಯುತ್ತಿದ್ದರು. ಅಂತಹ ಸಾವುಗಳಿಗೆ ರಕ್ತಸ್ರಾವವೇ ಮುಖ್ಯ ಕಾರಣಗಳಲ್ಲೊಂದಾಗಿದ್ದಿತು. ಅದನ್ನು ತಡೆಯುವ ಆಕ್ಸಿಟೋಸಿನ್ ಎಂಬ ಔಷಧವು ಇದ್ದಿತಾದರೂ ಅದನ್ನು ತಂಪಿನಲ್ಲಿ ಕಾಪಾಡಬೇಕು, ಸೂಜಿಯಿಂದ ಕೊಡಬೇಕು. ಕರೆಂಟಿಲ್ಲದ ರಾತ್ರಿಯಲ್ಲಿ, ತೋಟದ ಮನೆಯಲ್ಲಿ ಹೆರಿಗೆಯಾದರೆ ಅದು ಒದಗುವುದೆಂತು?

ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಡಾ. ಭಾಲಚಂದ್ರ ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಮತ್ತು ಅವರ ಸಂಗಡಿಗರೊಡನೆ ಕೂಡಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ತಂಪಿನ ಪೆಟ್ಟಿಗೆಯೂ ಬೇಡ, ಸೂಜಿಯೂ ಬೇಡ. ನೀರಿನೊಡನೆ ನುಂಗಿದರೆ ಸಾಕು. ೨೦೦೨ರಿಂದ ೨೦೦೫ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ, ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆತ್ತ ೧,೬೨೦ ತಾಯಂದಿರು ಒಪ್ಪಿಗೆ ಕೊಟ್ಟು ಈ ಪರೀಕ್ಷೆಯಲ್ಲಿ ಪಾಲುಗೊಂಡರು. ಅರ್ಧದಷ್ಟು ಜನರಿಗೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನೂ, ಉಳಿದವರಿಗೆ ನೋಡಲು ಹಾಗೆಯೇ ಇದ್ದ, ಔಷಧವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. ಕೊಟ್ಟವರು ದೊಡ್ಡ ವೈದ್ಯರಲ್ಲ; ಹಳ್ಳಿಯ ಜನರು 'ನರ್ಸಬಾಯಿ' ಎಂದು ಕರೆಯುವ ಸಹಾಯಕ ದಾದಿಯರು. ಗುಳಿಗೆ ಪಡೆದವರಲ್ಲಿ ಅಪಾಯದ ರಕ್ತಸ್ರಾವವು ನೂರಕ್ಕೆ ಹನ್ನೆರಡರಿಂದ ಆರೂವರೆಗೆ ಇಳಿಯಿತು. ಒಂದು ಲೀಟರ್ ಮೀರಿದ ತೀವ್ರ ರಕ್ತಸ್ರಾವವು ಸಾವಿರಕ್ಕೆ ಹನ್ನೆರಡರಿಂದ ಎರಡಕ್ಕೆ ಇಳಿಯಿತು. ಚಳಿನಡುಕವೂ ಜ್ವರವೂ ಕೆಲವರಿಗೆ ಕಾಣಿಸಿದರೂ ಅವು ಬೇಗನೆ ಶಮನಗೊಂಡವು. ೨೦೦೬ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯು ಈ ಫಲಿತಾಂಶವನ್ನು ಪ್ರಕಟಿಸಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವುದಕ್ಕಾಗಿ ಈ ಗುಳಿಗೆಯನ್ನು ಅತ್ಯವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಈ ಕೆಲಸದಲ್ಲಿ ಬಳಸಿದ ಇನ್ನೊಂದು ಸಾಧನವು ನೋಡಲು ತೀರ ಸಾಮಾನ್ಯವಾದುದು. ಹೋದ ರಕ್ತವೆಷ್ಟೆಂದು ಕಣ್ಣಂದಾಜಿನಿಂದ ಹೇಳಿದರೆ ಅದು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಆಗಿರುತ್ತದೆ. ಸೀರೆಗೆ, ಗೋಣಿಗೆ, ನೆಲಕ್ಕೆ ಇಂಗಿದ ರಕ್ತವನ್ನು ಅಳೆಯುವವರಾರು? ಅದಕ್ಕಾಗಿ ಈ ತಂಡವು ತಳದಲ್ಲಿ ಚೀಲದಂತೆ ಇಳಿಬಿದ್ದ, ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿತು. ಮಗು ಹುಟ್ಟಿದ ಕೂಡಲೇ ಅದನ್ನು ಬಾಣಂತಿಯ ಕೆಳಗೆ ಹಾಸಿದರೆ ರಕ್ತವು ಚೀಲಕ್ಕೆ ಇಳಿದು ಗೆರೆಯನ್ನು ಮುಟ್ಟುತ್ತದೆ. ಗೆರೆ ದಾಟಿತೆಂದರೆ ಕಾಯುವಂತಿಲ್ಲ, ಗಾಡಿಯನ್ನು ಕರೆಯಬೇಕು. ಇಂತಹ ಅಳತೆಯ ಹಾಳೆಯ ಜೊತೆಗೆ ಕೂಡಲೇ ಕೈಗೊಳ್ಳಬೇಕಾದ ಕೆಲವು ಚಿಕಿತ್ಸಾಕ್ರಮಗಳನ್ನು ಸೇರಿಸಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕ, ತಾಂಜಾನಿಯ ದೇಶಗಳ ೮೦ ಆಸ್ಪತ್ರೆಗಳಲ್ಲಿ ನಡೆಸಿದ ಬೃಹತ್ ಪರೀಕ್ಷೆಯ ಫಲವು ೨೦೨೩ರಲ್ಲಿ ಹೊರಬಂದಿತು. ರಕ್ತಸ್ರಾವದ ಘೋರ ಪರಿಣಾಮಗಳು ಅಲ್ಲಿ ನೂರಕ್ಕೆ ಅರುವತ್ತರಷ್ಟು ತಗ್ಗಿದ್ದವು. ಬೆಳಗಾವಿಯ ಹಳ್ಳಿಯ ದಾದಿಯ ಕೈಯಲ್ಲಿ ಪರೀಕ್ಷೆಗೊಳಗಾದ ವಿಚಾರವೊಂದು ಹೀಗೆ ಖಂಡಾಂತರದ ತಾಯಂದಿರಿಗೂ ನೆರವಾಯಿತು.

ಕರ್ನಾಟಕದಲ್ಲಿ ೨೦೦೫-೦೬ರಲ್ಲಿ ನೂರು ಹೆರಿಗೆಗಳಲ್ಲಿ ೬೫ರಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ೨೦೧೯-೨೦ರ ಸಮೀಕ್ಷೆಯ ವೇಳೆಗೆ ಅವು ೯೭ಕ್ಕೆ ಏರಿದವು. ೨೦೦೮ರ ನವೆಂಬರಿನಲ್ಲಿ ಆರಂಭವಾದ ೧೦೮ ಆಂಬುಲೆನ್ಸ್ ಸೇವೆಯೂ, ಮನೆಮನೆಗೆ ಹೋಗಿ ಗರ್ಭಿಣಿಯರನ್ನು ಗುರುತಿಸುವ ಆಶಾ ಕಾರ್ಯಕರ್ತೆಯರೂ ಈ ಬದಲಾವಣೆಗೆ ನೆರವಾದರು. ತಾಯಂದಿರ ಸಾವಿನ ಪ್ರಮಾಣವು ೨೦೧೮ರಿಂದ ೨೦೨೦ರ ಅವಧಿಗೆ ೬೯ಕ್ಕೆ ಇಳಿಯಿತು. ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ಹೆಂಗಸರಲ್ಲಿ ನೂರಕ್ಕೆ ಸುಮಾರು ೪೮ ಜನರು ರಕ್ತಹೀನತೆಯಿಂದ ಬಳಲುತ್ತಿದ್ದರೆಂಬುದನ್ನು ಮರೆಯಲಾಗದು. ಗುಳಿಗೆಯು ರಕ್ತವನ್ನು ನಿಲ್ಲಿಸೀತು. ರಕ್ತವನ್ನು ತುಂಬುವುದು ಊಟ. ಊಟದ ಪ್ರಶ್ನೆಯೆಂದರೆ ಕೂಲಿಯ ಪ್ರಶ್ನೆ. ಇಲ್ಲಿಗೆ ಆರೋಗ್ಯದ ವಿಚಾರವು ಹೆರಿಗೆಯ ಕೋಣೆಯಿಂದ ದುಡಿಮೆಯ ಸ್ಥಳಕ್ಕೆ ಬಂದು ನಿಲ್ಲುತ್ತದೆ.

ನಿಪ್ಪಾಣಿಯು ಬೀಡಿ ತಂಬಾಕಿನ ಹೆಸರಾಂತ ಪೇಟೆ. ಹೊಲದಿಂದ ಬಂದ ಒಣ ತಂಬಾಕನ್ನು ವಖಾರಿಗಳಲ್ಲಿ ಬಡಿದು, ಪುಡಿಮಾಡಿ, ಜರಡಿಯಾಡಿ, ದರ್ಜೆಗಳಾಗಿ ಬೇರ್ಪಡಿಸುವ ಕೆಲಸವನ್ನು ಬಹುಕಾಲದಿಂದ ಹೆಂಗಸರೇ ಮಾಡುತ್ತ ಬಂದಿದ್ದಾರೆ. ಜರಡಿಯಾಡುವಾಗ ಏಳುವ ದೂಳು ಕಣ್ಣು, ಮೂಗು, ಗಂಟಲುಗಳನ್ನು ತುಂಬುತ್ತದೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡರೂ ಅದು ತಪ್ಪುವುದಿಲ್ಲ. ತಂಬಾಕಿನ ನಿಕೋಟಿನ್ ಎಂಬ ವಿಷವು ಚರ್ಮದ ಮೂಲಕವೂ ದೇಹವನ್ನು ಸೇರಿ ತಲೆಸುತ್ತು, ವಾಕರಿಕೆಗಳನ್ನು ಉಂಟುಮಾಡುತ್ತದೆ. ಕೆಮ್ಮಿಗೆ ಔಷಧ ಕೊಟ್ಟು ಅದೇ ದೂಳಿಗೆ ಮರಳಿ ಕಳುಹಿಸಿದರೆ ಆ ಔಷಧದಿಂದ ಪ್ರಯೋಜನವೇನು?

ಇದಕ್ಕೆ ಕಾನೂನು ಇರಲಿಲ್ಲವೆಂದಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಅಧಿನಿಯಮವು ೧೯೬೬ರಲ್ಲಿಯೇ ಆಗಿದ್ದಿತು. ದುಡಿಯುವ ಸ್ಥಳದಲ್ಲಿ ಗಾಳಿ ಬೆಳಕು, ಕುಡಿಯುವ ನೀರು, ಶೌಚಾಲಯ, ಶಿಶುಗೃಹ, ಗೊತ್ತಾದ ವೇಳೆಯ ಕೆಲಸ ಇವೆಲ್ಲವನ್ನೂ ಅದು ವಿಧಿಸಿದ್ದಿತು. ಹದಿನಾಲ್ಕು ವರ್ಷಕ್ಕೆ ಒಳಗಿನ ಮಕ್ಕಳನ್ನು ಅಲ್ಲಿ ದುಡಿಸಿಕೊಳ್ಳುವುದನ್ನು ನಿಷೇಧಿಸಿದ್ದಿತು. ೧೯೭೬ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯೂ ಏರ್ಪಟ್ಟಿತು. ಚಿಕಿತ್ಸಾಲಯ, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು ಇವು ಆ ನಿಧಿಯ ಉದ್ದೇಶಗಳಾಗಿದ್ದವು. ಆದರೆ ಓದುಬರಹವಿಲ್ಲದ, ಒಂಟಿಯಾಗಿ ನಿಂತ ಹೆಂಗಸಿಗೆ ಕಾನೂನಿನ ಪುಸ್ತಕದಿಂದ ಏನು ದೊರೆತೀತು? ೧೯೮೦ರ ಸುಮಾರಿಗೆ ನಿಪ್ಪಾಣಿಯ ತಂಬಾಕು ಕಾರ್ಮಿಕ ಮಹಿಳೆಯರು ಸುಭಾಷ ಜೋಶಿ ಅವರ ಮುಂದಾಳುತನದಲ್ಲಿ ಚಿಕ್ಕೋಡಿ ತಾಲ್ಲೂಕು ಕಾಮಗಾರ ಮಹಾಸಂಘದ ಅಡಿಯಲ್ಲಿ ಒಗ್ಗೂಡಿದರು. ನ್ಯಾಯವಾದ ಕೂಲಿಗಾಗಿ, ಮಿತವಾದ ವೇಳೆಯ ದುಡಿಮೆಗಾಗಿ, ಮರ್ಯಾದೆಯ ನಡವಳಿಕೆಗಾಗಿ ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಅವರ ಈ ಹೋರಾಟವನ್ನು ದೀಪಾ ಧನರಾಜ್ ಅವರಿದ್ದ 'ಯುಗಾಂತರ' ಎಂಬ ಮಹಿಳೆಯರ ತಂಡವು ೧೯೮೨ರಲ್ಲಿ ಸಾಕ್ಷ್ಯಚಿತ್ರವಾಗಿಸಿತು. ಛಾಯಾ ದಾತಾರ್ ಅವರು ಅದನ್ನು ಕುರಿತು ಬರೆದ ಗ್ರಂಥವು ೧೯೮೯ರಲ್ಲಿ ಪ್ರಕಟವಾಯಿತು. ಆ ಹೆಂಗಸರು ತಮ್ಮ ಬೇಡಿಕೆಗೆ ಆರೋಗ್ಯ ಕಾರ್ಯಕ್ರಮವೆಂಬ ಹೆಸರನ್ನು ಇಟ್ಟಿರಲಿಲ್ಲ. ಆದರೂ ಹೊಟ್ಟೆತುಂಬ ಊಟ, ದಣಿವಿಗೆ ವಿಶ್ರಾಂತಿ, ಶೌಚಕ್ಕೆ ಮರೆ, ಮಗುವಿಗೆ ನೆರಳು ಇವು ಆರೋಗ್ಯದ ಮೂಲಗಳಲ್ಲದೆ ಮತ್ತೇನು?

ತಂಬಾಕು ಸೇದುವವನಿಗೂ ಹಾನಿ, ಮಾಡುವವಳಿಗೂ ಹಾನಿ ಎಂಬುದು ಇಂದು ಎಲ್ಲರಿಗೂ ತಿಳಿದ ಸಂಗತಿ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ತಡೆಯುವ ಕಾನೂನು ೨೦೦೩ರಲ್ಲಿ ಬಂದಿತು. ಕಲ್ಯಾಣ ನಿಧಿಗೆ ಆಧಾರವಾಗಿದ್ದ ಬೀಡಿಯ ಮೇಲಿನ ಕರವು ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆಯ ಜಾರಿಯೊಡನೆ ನಿಂತುಹೋಯಿತು. ಬೀಡಿ ಕಡಿಮೆಯಾಗಬೇಕು, ಆದರೆ ಬೀಡಿಯಿಂದ ಬದುಕುವವರು ಹಸಿಯಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ದಾರಿಯನ್ನು ಹುಡುಕುವುದು ಇಂದಿಗೂ ಉಳಿದಿರುವ ಕೆಲಸ. ಬೇರೆ ಬೆಳೆ, ಬೇರೆ ಕಸುಬು ಮೊದಲು ಕೈಗೆ ಸಿಕ್ಕಬೇಕು. ಹಳೆಯದನ್ನು ಬಿಡಿಸುವುದು ಆಮೇಲಿನ ಮಾತು.

ಕೂಲಿಗಿಂತಲೂ ಆಳವಾದ ಇನ್ನೊಂದು ಬೇರು ಆರೋಗ್ಯಕ್ಕೆ ಇದೆ, ಅದು ಮಾನ. ಅಥಣಿ, ರಾಯಬಾಗ, ಚಿಕ್ಕೋಡಿಗಳ ಸೀಮೆಯಲ್ಲಿ ಬಡ ದಲಿತ ಕುಟುಂಬಗಳ ಎಳೆಯ ಹೆಣ್ಣುಮಕ್ಕಳಿಗೆ 'ಮುತ್ತು ಕಟ್ಟಿ' ದೇವತೆಯ ಹೆಸರಿನಲ್ಲಿ ಬಿಡುವ ದೇವದಾಸಿ ಪದ್ಧತಿಯು ಬಹುಕಾಲ ನಡೆದುಬಂದಿತು. ಅಂತಹ ಹೆಣ್ಣಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ, ಶೋಷಣೆಗೆ ಕೊನೆಯಿಲ್ಲ. ಅಂದು ರಾಯಬಾಗವನ್ನೂ ಒಳಗೊಂಡಿದ್ದ ಕೊಲ್ಹಾಪುರ ಸಂಸ್ಥಾನದ ಶಾಹು ಮಹಾರಾಜರು ೧೯೨೦ರಲ್ಲಿ ಈ ಪದ್ಧತಿಯನ್ನು ನಿಷೇಧಿಸಿದರು. ಮುಂಬಯಿ ಪ್ರಾಂತದಲ್ಲಿ ೧೯೩೪ರಲ್ಲಿ ಕಾನೂನಾಯಿತು. ಕರ್ನಾಟಕದ ೧೯೮೨ರ ನಿಷೇಧ ಅಧಿನಿಯಮವು ೧೯೮೪ರಲ್ಲಿ ಜಾರಿಗೆ ಬಂದಿತು. ಆದರೂ ೧೯೯೩-೯೪ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ೨೨,೮೭೩ ದೇವದಾಸಿಯರನ್ನು ಗುರುತಿಸಲಾಯಿತು. ನಿಷೇಧದಿಂದ ಮಾತ್ರವೇ ಅನಿಷ್ಟವು ಅಳಿಯುವುದಿಲ್ಲವೆಂಬುದಕ್ಕೆ ಇದು ಪ್ರಮಾಣ.

ಅಥಣಿಯ ವಕೀಲರಾದ ಬಿ. ಎಲ್. ಪಾಟೀಲರು ವಿಮೋಚನಾ ಎಂಬ ಸಂಘದ ಮೂಲಕ ದೇವದಾಸಿಯರ ಮಕ್ಕಳಿಗಾಗಿ ಅಥಣಿ ತಾಲ್ಲೂಕಿನ ಮಲಾಬಾದ ಗ್ರಾಮದಲ್ಲಿ ವಸತಿ ಶಾಲೆಯನ್ನು ನಡೆಸಿದರು. ತಾಯಿಯ ಪಾಡು ಮಗಳಿಗೆ ಬಾರದಿರಬೇಕಾದರೆ ಮಗಳು ಶಾಲೆಯಲ್ಲಿರಬೇಕು ಎಂಬುದು ಇಲ್ಲಿಯ ತತ್ತ್ವ. ೧೯೯೦ರ ದಶಕದಲ್ಲಿ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡ ಸಂಸ್ಥೆಯೂ ಕೂಡಿ ಬೆಳಗಾವಿ ಜಿಲ್ಲೆಯಲ್ಲಿ ಪುನರ್ವಸತಿಯ ಕೆಲಸವನ್ನು ನಡೆಸಿದವು. ಹೊರಗಿನವರು ಆರಂಭಿಸಿದ ಆ ಕೆಲಸವನ್ನು ಮುಂದುವರಿಸಲು ೧೯೯೭ರಲ್ಲಿ ಹಿಂದಿನ ದೇವದಾಸಿಯರೇ ಘಟಪ್ರಭಾದಲ್ಲಿ ತಮ್ಮದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು. ಈ ಸಂಸ್ಥೆಯ ಮುಂದಾಳುಗಳಲ್ಲಿ ಒಬ್ಬರಾದ ಸೀತವ್ವ ಜೋಡಟ್ಟಿಯವರು ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನವರು. ಎಳವೆಯಲ್ಲಿಯೇ ಮುತ್ತು ಕಟ್ಟಿಸಿಕೊಂಡವರು. ಅದರಿಂದ ಹೊರಬಂದ ಅವರು ತಮ್ಮಂತಹ ಸಾವಿರಾರು ಹೆಂಗಸರನ್ನು ಉಳಿತಾಯದ ಸಂಘಗಳಲ್ಲಿ ಸೇರಿಸಿ, ಹೊಸದಾಗಿ ಯಾವ ಮಗುವಿಗೂ ಮುತ್ತು ಕಟ್ಟದಂತೆ ಊರೂರುಗಳಲ್ಲಿ ಎಚ್ಚರವಹಿಸಿದರು. ಭಾರತ ಸರ್ಕಾರವು ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

ಏಡ್ಸ್ ಕಾಯಿಲೆಯು ಈ ಸೀಮೆಗೆ ಕಾಲಿಟ್ಟಾಗ ಇಂತಹ ಸಂಘಗಳ ಬೆಲೆಯು ಇನ್ನಷ್ಟು ಸ್ಪಷ್ಟವಾಯಿತು. ರೋಗಕ್ಕಿಂತಲೂ ರೋಗದ ಹೆಸರಿನ ಭಯವು ದೊಡ್ಡದಾಗಿದ್ದ ಕಾಲವದು. ಸರ್ಕಾರವು ೨೦೦೪ರ ಏಪ್ರಿಲ್‌ನಿಂದ ಉಚಿತ ಔಷಧವನ್ನು ಆರಂಭಿಸಿತಾದರೂ, ಪರೀಕ್ಷೆಗೆ ಬರಲು ಅಂಜುವವರಿಗೆ ಅದು ತಲುಪುವಂತಿರಲಿಲ್ಲ. ಹೊರಗಿನ ಅಧಿಕಾರಿಗೆ ತೆರೆಯದ ಬಾಗಿಲು ತನ್ನಂತೆಯೇ ನೊಂದ ನೆರೆಯವಳಿಗೆ ತೆರೆಯಿತು. 'ಬಾರವ್ವಾ, ನಾನೂ ನಿನ್ನ ಜೋಡಿ ಬರ್ತೀನಿ' ಎನ್ನುವ ಒಬ್ಬ ಜೊತೆಗಾತಿ ದೊರೆತರೆ ಆಸ್ಪತ್ರೆಯ ದಾರಿ ಅರ್ಧ ಸವೆದಂತೆಯೇ.

ಬಾವಿಯ ನೀರು, ಬಾಣಂತಿಯ ಗುಳಿಗೆ, ವಖಾರಿಯ ದೂಳು, ದೇವದಾಸಿಯರ ಸಂಘ ಇವು ಹೊರನೋಟಕ್ಕೆ ಬೇರೆ ಬೇರೆ ಸಂಗತಿಗಳು. ಆದರೂ ಇವುಗಳಲ್ಲಿ ಹಾದುಹೋಗುವ ಎಳೆಯೊಂದಿದೆ. ಯಾರ ಒಳಿತಿಗಾಗಿ ಕಾರ್ಯಕ್ರಮವು ಹುಟ್ಟಿತೋ ಅವರೇ ಅದರ ಕೈಗಳಾದಾಗ ಅದು ನಿಂತಿತು. ಅವರನ್ನು ಕೇಳದೆ ಮೇಲಿನಿಂದ ಇಳಿಸಿದ ಒಳ್ಳೆಯ ಯೋಜನೆಗಳೂ ಸೋತಿವೆ. ಕಟ್ಟಿಸಿಕೊಟ್ಟ ಶೌಚಾಲಯದಲ್ಲಿ ಸೌದೆಯನ್ನು ಒಟ್ಟಿರುವ ದೃಶ್ಯವು ನಾಡಿನ ಹಲವು ಕಡೆ ಕಂಡುಬಂದುದೇ ಆಗಿದೆ. ಅಲ್ಲಿ ಇಟ್ಟಿಗೆಯ ಕೊರತೆಯಿರಲಿಲ್ಲ. ನೀರಿನ ಕೊರತೆಯೋ, ತಿಳಿವಳಿಕೆಯ ಕೊರತೆಯೋ, ತಮ್ಮದೆಂಬ ಭಾವನೆಯ ಕೊರತೆಯೋ ಇದ್ದಿತು.

ಊರಿನ ಕೈಗಳಿಗೆ ಕೆಲಸ ಒಪ್ಪಿಸುವಾಗ ಮರೆಯಬಾರದ ಇನ್ನೊಂದು ಮಾತಿದೆ. ೨೦೦೫ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಊರಿಗೊಬ್ಬಳು ಆಶಾ ಕಾರ್ಯಕರ್ತೆಯನ್ನೂ, ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯನ್ನೂ ಕೊಟ್ಟಿತು. ೨೦೨೦ರ ಕೊರೋನಾ ಕಾಲದಲ್ಲಿ ಮನೆಮನೆಯ ಲೆಕ್ಕ ತೆಗೆದುಕೊಂಡವರು ಈ ಆಶಾ ಕಾರ್ಯಕರ್ತೆಯರೇ. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರೆಲ್ಲರನ್ನೂ ಗೌರವಿಸಿತು. ಆದರೂ ನೌಕರರಿಗೆ ಸಲ್ಲುವ ವೇತನವು ಅವರಿಗಿಲ್ಲ. ಗೌರವಧನ, ಪ್ರೋತ್ಸಾಹಧನಗಳಿಂದಲೇ ಅವರು ದುಡಿಯುತ್ತಾರೆ. ಅದನ್ನು ಹೆಚ್ಚಿಸಬೇಕೆಂದು ಅವರು ಮತ್ತೆ ಮತ್ತೆ ಬೇಡಿಕೆಯನ್ನು ಮುಂದಿಡಬೇಕಾಗಿದೆ. ಸೇವೆಯೆಂಬ ಹೆಸರಿನಲ್ಲಿ ದುಡಿಯುವವರ ನೋವನ್ನು ಕಡೆಗಣಿಸಿದರೆ ಸೇವೆಯೇ ಸೊರಗುತ್ತದೆ. ಊರಿನ ಆರೋಗ್ಯವನ್ನು ಕಾಯುವವಳ ಆರೋಗ್ಯವನ್ನೂ ಊರು ಕಾಯಬೇಕಲ್ಲವೇ?

ಗ್ರಾಮ ಸಮಿತಿಯು ಹಲವು ಊರುಗಳಲ್ಲಿ ಹೆಸರಿಗೆ ಮಾತ್ರ ಇರಬಹುದು. ಅದನ್ನು ನಿಜವಾಗಿಸಲು ದೊಡ್ಡ ಹಣವೇನೂ ಬೇಕಿಲ್ಲ. ಬಾವಿಗೆ ಕೊನೆಯ ಸಲ ಪುಡಿ ಹಾಕಿದುದು ಯಾವಾಗ, ಈ ತಿಂಗಳು ಹೆರುವವರು ಎಷ್ಟು ಜನ, ಅವರಲ್ಲಿ ರಕ್ತ ಕಡಿಮೆಯಿರುವವರು ಯಾರು, ಕಬ್ಬು ಕಡಿಯಲು ಬಂದವರ ಗುಡಿಸಲಿನ ಮಕ್ಕಳಿಗೆ ಲಸಿಕೆ ಆಗಿದೆಯೇ, ಶಾಲೆ ಬಿಟ್ಟ ಹುಡುಗಿಯರು ಎಲ್ಲಿದ್ದಾರೆ ಎಂಬ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಕೇಳಿದರೂ ಸಾಕು, ಲೆಕ್ಕದ ಪುಸ್ತಕ ತೆರೆಯುತ್ತದೆ. ಅಳೆಯದ ರಕ್ತವು ಕಣ್ಣಿಗೆ ಕಡಿಮೆಯಾಗಿ ಕಂಡಂತೆ, ಕೇಳದ ಪ್ರಶ್ನೆಯು ಊರಿಗೆ ಇಲ್ಲದ ಸಮಸ್ಯೆಯಂತೆ ಕಾಣುತ್ತದೆ. ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಬರೆದಿಟ್ಟು, ಮುಂದಿನ ಸಭೆಯಲ್ಲಿ ಅದನ್ನು ಓದಿಸುವ ಊರಿನಲ್ಲಿ ಆರೋಗ್ಯವು ಬೇರೂರುತ್ತದೆ. ಕೃಷ್ಣೆಯ ದಂಡೆಯ ಊರುಗಳಿಗೆ ಈ ಮಾತು ಎಷ್ಟು ಸಲ್ಲುವುದೋ ನಾಡಿನ ಉಳಿದ ಊರುಗಳಿಗೂ ಅಷ್ಟೇ ಸಲ್ಲುತ್ತದೆ.